ಓದುಗರ ಪ್ರಶ್ನೆ: ಅಗ್ಗದ ಕೂಲಿಗೆ ಹೊಣೆ ಯಾರು?

ಪ್ರಶ್ನೆ: ನಮ್ಮೂರಿನ ಸುತ್ತಲಿನ ಕಲ್ಲು ಪಾಲಿಶ್ ಘಟಕಗಳಿಗೆ ಗುತ್ತೇದಾರರು ಬಂಗಾಳಿ ಮಾತನಾಡುವ ಹುಡುಗರನ್ನು ಕರೆತರುತ್ತಿದ್ದಾರೆ. ಅವರ ಪಗಾರ ನಮ್ಮವರಿಗಿಂತ ಕಡಿಮೆ. ಹೀಗಾಗಿ ಊರಿನ ಕೂಲಿಕಾರರಿಗೆ ಕೆಲಸ ಸಿಗುತ್ತಿಲ್ಲ. ಇವರಲ್ಲಿ ಬಾಂಗ್ಲಾದೇಶದಿಂದ ಕಳ್ಳದಾರಿಯಲ್ಲಿ ಬಂದವರಿದ್ದಾರೆಂದು ಜನ ಹೇಳುತ್ತಾರೆ. ಇವರನ್ನು ಹೊರಹಾಕಿಸುವುದು ಹೇಗೆ?
– ಓದುಗರೊಬ್ಬರು, ಶಹಾಬಾದ್

ಉತ್ತರ: ಅವರು ಬಾಂಗ್ಲಾದವರು ಎಂಬುದು ಜನರ ಮಾತು, ಪಗಾರ ಕಡಿಮೆ ಎಂಬುದು ನೀವೇ ಕಂಡದ್ದು. ಆದ್ದರಿಂದ ಪಗಾರದ ವಿಷಯವನ್ನೇ ಮೊದಲು ನೋಡೋಣ. ಕನಿಷ್ಠ ವೇತನದ ಕಾನೂನು ಕೂಲಿಕಾರನ ಊರನ್ನಾಗಲಿ ದೇಶವನ್ನಾಗಲಿ ಕೇಳುವುದಿಲ್ಲ. 1948ರ ಕಾಯ್ದೆ ಹಾಗೆ ಕೇಳಿರಲಿಲ್ಲ. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆಯೂ ಕೇಳುವುದಿಲ್ಲ. 1982ರಲ್ಲಿ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಗಳಲ್ಲಿ ದುಡಿದವರ ಪ್ರಕರಣದಲ್ಲಿ, ಹಸಿವು ಮತ್ತು ಬಡತನದ ಒತ್ತಡಕ್ಕೆ ಸಿಕ್ಕು ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದು ಕೂಡ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆ ವಿಧಿಯ ರಕ್ಷಣೆ ಭಾರತದ ಪೌರರಿಗಷ್ಟೇ ಮೀಸಲಾದುದಲ್ಲ. ಹೀಗಿರುವಾಗ ನಿಮ್ಮೂರಿನ ಘಟಕದಲ್ಲಿ ನಿಗದಿತ ಕೂಲಿಗಿಂತ ಕಡಿಮೆ ಕೊಡುತ್ತಿದ್ದರೆ, ಕಲ್ಲು ಉಜ್ಜುವ ಹುಡುಗ ಬಂಗಾಳದ ಮಾಲ್ದಾದವನಿರಲಿ, ಚಿತ್ತಾಪುರದವನಿರಲಿ, ಅಪರಾಧ ಮಾಡಿದವನು ಮಾಲೀಕ. ಕಾರ್ಮಿಕ ಇಲಾಖೆಯ ಕಲಬುರಗಿ ಕಚೇರಿಗೆ ಲಿಖಿತ ದೂರು ಕೊಡಿ. ಇಬ್ಬರಿಗೂ ಒಂದೇ ಕೂಲಿ ಕೊಡಬೇಕಾಗಿ ಬಂದ ದಿನ, ಊರವರನ್ನು ಬಿಟ್ಟು ಸಾವಿರಾರು ಕಿಲೋಮೀಟರ್ ದೂರದಿಂದ ಜನ ತರಿಸುವ ಆಸೆ ಮಾಲೀಕನಿಗೆ ಬಹುಮಟ್ಟಿಗೆ ಉಳಿಯುವುದಿಲ್ಲ.

ಇನ್ನು ಸಂಶಯದ ಮಾತು. ಬಂಗಾಳಿ ಮಾತನಾಡುವವರೆಲ್ಲ ಗಡಿ ದಾಟಿ ಬಂದವರಲ್ಲ. ಪಶ್ಚಿಮ ಬಂಗಾಳದ ಮುರ್ಷಿದಾಬಾದ್, ಅಸ್ಸಾಮಿನ ಬರಾಕ್ ಕಣಿವೆ, ತ್ರಿಪುರಾ, ಇವೆಲ್ಲ ಆ ನುಡಿಯ ನಾಡುಗಳೇ. ಅಷ್ಟು ದೂರವೇಕೆ, ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆಂದು ಸರ್ಕಾರವೇ ನೆಲೆ ಕಲ್ಪಿಸಿದ ಕ್ಯಾಂಪುಗಳಿವೆ. ಮಾತು ಕೇಳಿ ಪೌರತ್ವ ನಿರ್ಣಯಿಸಿದರೆ ಏನಾಗುತ್ತದೆ ಎಂಬುದು ಕಲ್ಯಾಣ ಕರ್ನಾಟಕದ ನಮಗೆ ಇತರರಿಗಿಂತ ಚೆನ್ನಾಗಿ ಗೊತ್ತಿರಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರ ಗುಡಿಸಲುಗಳೆಂದು ಹೇಳಿ ಕೆಡವಿದ ಮನೆಗಳಲ್ಲಿ ಉತ್ತರ ಕರ್ನಾಟಕದಿಂದ ಗುಳೆ ಹೋದ ಕನ್ನಡಿಗರೂ ಇದ್ದರು. ಹೈಕೋರ್ಟ್ ಮಧ್ಯೆ ಪ್ರವೇಶಿಸಿ ಆ ಕ್ರಮ ಕಾನೂನುಬಾಹಿರವೆಂದು ಹೇಳಬೇಕಾಯಿತು. ಯಾದಗಿರಿಯ ತಾಂಡಾಗಳಿಂದ ಮುಂಬೈ, ಪುಣೆಗೆ ದುಡಿಯಲು ಹೋದ ನಮ್ಮ ಮಕ್ಕಳನ್ನು ಅಲ್ಲಿಯವರು ಹೀಗೆಯೇ ಮಾತು ಕೇಳಿ ಅಳೆದರೆ ನಾವು ಒಪ್ಪುತ್ತೇವೆಯೇ?

ಹಾಗೆಂದು ಕಳ್ಳದಾರಿಯಲ್ಲಿ ದೇಶದೊಳಗೆ ಬರುವುದು ಚಿಕ್ಕ ತಪ್ಪೆಂದು ನಾನು ಹೇಳುತ್ತಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ, ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದ ವಿದೇಶಿಯನಿಗೆ 5 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಒದಗಿಸಿದವನಿಗೆ 2ರಿಂದ 7 ವರ್ಷಗಳ ಶಿಕ್ಷೆಯಿದೆ. ನಿಮ್ಮಲ್ಲಿ ನಿಜವಾದ ಮಾಹಿತಿಯಿದ್ದರೆ ಪೊಲೀಸರಿಗೆ ತಿಳಿಸಿ. ವಿಚಾರಣೆ ಅವರ ಕೆಲಸ. ನೆರೆಹೊರೆಯವರು ಗುಂಪುಗೂಡಿ ಹೋಗಿ ಕಾಗದ ತೋರಿಸೆಂದು ಕೇಳಲು ಯಾವ ಕಾನೂನೂ ಅಧಿಕಾರ ಕೊಟ್ಟಿಲ್ಲ.

ಆದರೆ ಕಾಗದವಿಲ್ಲದವನು ಅಗ್ಗಕ್ಕೆ ಸಿಗುವುದು ಯಾಕೆ ಎಂಬುದನ್ನು ದಯವಿಟ್ಟು ಯೋಚಿಸಿ. ಪಗಾರ ಬಾಕಿ ಉಳಿದರೆ ಅವನು ಕಚೇರಿಯ ಮೆಟ್ಟಿಲು ಹತ್ತಲಾರ. ಯಂತ್ರಕ್ಕೆ ಬೆರಳು ಸಿಕ್ಕರೆ ಪರಿಹಾರ ಕೇಳಲಾರ. ಅವನ ಆ ಭಯದಿಂದಲೇ ಮಾಲೀಕನಿಗೆ ಲಾಭ. ಅಮೆರಿಕದಲ್ಲಿ 1986ರಲ್ಲಿ, ಕಾಗದವಿಲ್ಲದವರನ್ನು ತಿಳಿದೂ ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೇ ದಂಡ ಹಾಕುವ ಕಾನೂನು ಬಂದಿತು. ತಿಳಿದಿತ್ತೆಂದು ಸಾಬೀತುಪಡಿಸುವುದು ಕಷ್ಟವಾಯಿತು, ಅನೇಕ ಮಾಲೀಕರು ನಡುವೆ ಗುತ್ತೇದಾರರನ್ನು ನಿಲ್ಲಿಸಿಕೊಂಡು ಪಾರಾದರು. ನಮ್ಮ ಖಣಿಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ಗುತ್ತೇದಾರ ಮೊದಲಿನಿಂದಲೂ ನಡುವೆ ನಿಂತೇ ಇದ್ದಾನೆ. ಆದ್ದರಿಂದಲೇ ಮುಂದಿನ ಪತ್ರಕ್ಕೆ ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನದೊಂದು ಸಣ್ಣ ಇಟ್ಟಿಗೆ ಭಟ್ಟಿ. ಕೂಲಿಕಾರರನ್ನು ತರುವವನು, ಮುಂಗಡ ಕೊಡುವವನು, ಪಗಾರ ಹಂಚುವವನು ಗುತ್ತೇದಾರನೇ. ಎಲ್ಲರ ಆಧಾರ್ ಕಾರ್ಡನ್ನು ನಾನು ತೆಗೆದಿರಿಸಿಕೊಂಡಿದ್ದೇನೆ. ಇಷ್ಟಾದ ಮೇಲೂ ನನ್ನ ಮೇಲೆ ಹೊಣೆ ಬರುತ್ತದೆಯೇ?
– ಭಟ್ಟಿ ಮಾಲೀಕರೊಬ್ಬರು, ಹುಮನಾಬಾದ್

ಉತ್ತರ: ಬರುತ್ತದೆ. ಗುತ್ತೇದಾರ ಪಗಾರ ಕೊಡದೆ ಹೋದರೆ ಅಥವಾ ಕಡಿಮೆ ಕೊಟ್ಟರೆ ಆ ಹಣವನ್ನು ಮೂಲ ಮಾಲೀಕನೇ ಕೊಡಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಹೀಗೆಯೇ ಇತ್ತು, ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಉಳಿದಿದೆ. ಆದುದರಿಂದ ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿರಲಿ, ಪಗಾರ ನೇರವಾಗಿ ಕೂಲಿಕಾರರ ಬ್ಯಾಂಕ್ ಖಾತೆಗೆ ಹೋಗಲಿ.

ಆಧಾರ್ ಪೌರತ್ವದ ಪುರಾವೆಯಲ್ಲ. 2016ರ ಆಧಾರ್ ಕಾಯ್ದೆಯೇ ಹಾಗೆ ಹೇಳುತ್ತದೆ. ನೀವು ಮೂಲ ಕಾರ್ಡುಗಳನ್ನೇ ಇಟ್ಟುಕೊಂಡಿದ್ದರೆ ಇಂದೇ ಹಿಂದಿರುಗಿಸಿ. ಕಾರ್ಡು ಮಾಲೀಕನ ಪೆಟ್ಟಿಗೆಯಲ್ಲಿ, ಮುಂಗಡ ಗುತ್ತೇದಾರನ ಲೆಕ್ಕದಲ್ಲಿ ಇರುವಾಗ ಆ ಕೂಲಿಕಾರ ಬೇರೆಡೆ ಕೆಲಸಕ್ಕೆ ಹೋಗುವುದಾದರೂ ಹೇಗೆ? ಮುಂಗಡ ತೀರುವವರೆಗೆ ಭಟ್ಟಿ ಬಿಡುವಂತಿಲ್ಲ ಎಂದು ಯಾರೇ ಹೇಳಿದ್ದರೂ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತ. 3 ವರ್ಷಗಳವರೆಗೆ ಸೆರೆವಾಸವಾಗಬಹುದು, ಜೀತದ ಸಾಲವೆಂದು ಕಂಡುಬಂದ ಮುಂಗಡವೂ ರದ್ದಾಗುತ್ತದೆ. ಈ ಹಂಗಾಮಿಗೆ ಜನ ಬರುವ ಮುನ್ನ ಗುತ್ತೇದಾರನೊಡನೆ ಮುಂಗಡದ ಷರತ್ತುಗಳನ್ನು ಬರವಣಿಗೆಯಲ್ಲಿ ಸರಿಪಡಿಸಿಕೊಳ್ಳಿ. ಅವನು ಒಪ್ಪದಿದ್ದರೆ ಅವನ ಮೂಲಕ ಜನ ಪಡೆಯಬೇಡಿ.