ತೊಳೆಯುವ ಮೊದಲು ಬರೆದಿಡಿ

ಪ್ರಶ್ನೆ: ನಮ್ಮದು ನೂರು ವರ್ಷ ದಾಟಿದ ತೊಟ್ಟಿಮನೆ. ಈಗ ಅಲ್ಲಿ ಯಾರೂ ವಾಸವಿಲ್ಲ. ಕುಪ್ಪಳಿಯ ಕವಿಮನೆಯ ಹಾಗೆ ಜನ ಬಂದು ನೋಡುವಂತಾಗಲಿ ಎಂಬ ಆಸೆ. ಹಿತ್ತಾಳೆ ಪಾತ್ರೆ, ತಾಳೆಗರಿ, ಹಳೆಯ ಕಡತಗಳಿವೆ. ಮೊದಲು ಎಲ್ಲವನ್ನೂ ತೊಳೆಸಿ ಹೊಳಪು ಕೊಡಿಸಬೇಕೇ?
– ಓದುಗರು, ಕೊಪ್ಪ

ಉತ್ತರ: ದಯವಿಟ್ಟು ಬೇಡ. ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು, ಯಾವ ವಸ್ತು ಯಾವ ಕೋಣೆಯಲ್ಲಿತ್ತು, ಯಾರು ಬಳಸುತ್ತಿದ್ದರು ಎಂದು ಕೇಳಿ ಬರೆದಿಡಿ. ಅವರ ನಂತರ ಇದನ್ನು ಹೇಳುವವರಿಲ್ಲ. ವಸ್ತುಗಳನ್ನೂ ಅಲ್ಲಲ್ಲೇ ಬಿಡಿ. ಕಡೆಗೋಲನ್ನು ಕಂಬದಿಂದ ಬಿಡಿಸಿ ಗಾಜಿನ ಬೀರುವಿನಲ್ಲಿಟ್ಟರೆ ನೋಡುವವರಿಗೆ ಅದು ಬರೀ ಕೋಲು.

ಕ್ರಮಸಂಖ್ಯೆಯ ಚೀಟಿಯನ್ನು ಹತ್ತಿ ದಾರದಲ್ಲಿ ಕಟ್ಟಿ. ಅಂಟಿಸಿದರೆ ಕಲೆ ಉಳಿಯುತ್ತದೆ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.

ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ಮತ್ತೆ ಮತ್ತೆ ಉಜ್ಜಿದರೆ ಕಂಠದ ಮೇಲೆ ಕೆತ್ತಿದ ಹೆಸರು ಸವೆದುಹೋಗುತ್ತದೆ. ಒಣಬಟ್ಟೆ ಸಾಕು.

ಕಡತದ ವಿಷಯದಲ್ಲಂತೂ ತುಂಬ ಎಚ್ಚರ ಬೇಕು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ ಬಳಪದಲ್ಲಿ ಬರೆದದ್ದು ಅದು. ಒದ್ದೆ ಬಟ್ಟೆ ಒಮ್ಮೆ ಆಡಿಸಿದರೂ ಸ್ಲೇಟು ಒರೆಸಿದಂತೆ ಅಕ್ಷರ ಮಾಯ. ಒರೆಸದೆ ಮಡಿಕೆ ಬಿಚ್ಚುತ್ತ ಪ್ರತಿ ಪುಟದ ಫೋಟೊ ತೆಗೆಯಿರಿ. ತಾಳೆಗರಿಯ ಧೂಳನ್ನು ಮೆತ್ತನೆಯ ಕುಂಚದಿಂದ ಉದ್ದಕ್ಕೇ ತೆಗೆಯಬೇಕು. ಅಡ್ಡ ಎಳೆದರೆ ಗರಿ ಸೀಳುತ್ತದೆ.

ಇನ್ನು ಗೋಡೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರೆ ತೇವ ಹೊರಹೋಗಲಾರದೆ, ಗೋಡೆಯೊಳಗೆ ಕೂತ ತೊಲೆಯ ತುದಿ ಲಡ್ಡಾಗುತ್ತದೆ. ಸುಣ್ಣವೇ ಸರಿ.

ಪ್ರಶ್ನೆ: ಶಾಲಾ ಮಕ್ಕಳಿಗೆ ಕಾರ್ಯಕ್ರಮ ಇಟ್ಟುಕೊಂಡರೆ ಯಾವುದನ್ನೂ ಮುಟ್ಟಬೇಡಿ ಎನ್ನಬೇಕಾಗುತ್ತದಲ್ಲ?
– ಓದುಗರು, ತೀರ್ಥಹಳ್ಳಿ

ಉತ್ತರ: ಮುಟ್ಟಲೆಂದೇ ಬೇರೆ ಸಾಮಾನು ಇಟ್ಟುಕೊಳ್ಳಿ. ಬೀಸುವ ಕಲ್ಲು, ಸೇರು, ಪಾವು, ಚೆನ್ನೆಮಣೆ ಹೊಸದಾಗಿಯೂ ಸಿಗುತ್ತವೆ. ಚೆನ್ನೆಮಣೆಗೆ 14 ಗುಳಿ. ಗುಳಿಗೆ 4ರಂತೆ 56 ಹುಣಸೆಬೀಜ ಎಣಿಸಿಡಿ. ಗುಲಗಂಜಿ ಅಂದವಾಗಿದೆಯೆಂದು ಕೊಡಬೇಡಿ, ಅದು ವಿಷದ ಬೀಜ, ಮಕ್ಕಳು ಕಚ್ಚಿಬಿಡುತ್ತಾರೆ. ಒಂದು ತಂಡಕ್ಕೆ 15 ಮಕ್ಕಳು ಸಾಕು.

ಅಟ್ಟ ಹತ್ತಿಸುವ ಮೊದಲು ತೊಲೆ ಗೋಡೆ ಸೇರುವ ಜಾಗಕ್ಕೆ ದಬ್ಬಳ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ, ಬಡಗಿ ಬಂದು ನೋಡುವವರೆಗೆ ಏಣಿಗೆ ಅಡ್ಡ ಹಗ್ಗ ಕಟ್ಟಿ. ಮೇಲೆ ಹೋದ ಮಕ್ಕಳೆಲ್ಲ ಒಂದೇ ಕಿಟಕಿಗೆ ಮುಗಿಬೀಳುತ್ತಾರೆ, ಭಾರ ಒಂದೇ ತೊಲೆಯ ಮೇಲೆ ಬೀಳುತ್ತದೆ.