ಹೋಟೆಲ್ ಪಾಯಿಂಟ್ಸ್ ಈಗಲೇ ಮೈಲ್ಸ್ ಮಾಡಬೇಡಿ

ಡೊಂಬಿವಲಿ ಸರ್, ದೀಪಾವಳಿ ರಜೆಯ ಸಿಂಗಾಪುರ ಟ್ರಿಪ್‌ಗೆ ಮ್ಯಾರಿಯಟ್‌ನ 60,000 ಹೋಟೆಲ್ ಪಾಯಿಂಟ್ಸನ್ನು ಸಿಂಗಾಪುರ ಏರ್‌ಲೈನ್ಸ್‌ನ ಮೈಲ್ಸ್ ಖಾತೆ ಕ್ರಿಸ್‌ಫ್ಲೈಯರ್‌ಗೆ ಹಾಕಿಬಿಡಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಒಮ್ಮೆ ಹಾಕಿದರೆ ವಾಪಸ್ ಬರಲ್ಲ. ಮೊದಲು ಮುಂಬೈಯಿಂದ ಮೈಲ್ಸ್ ಕೊಟ್ಟು ಪಡೆಯೋ ಸೀಟು ಇದೆಯಾ ನೋಡಿ. ರಜೆ ಸಮಯ ಅಲ್ವಾ, ಮನೆಮಂದಿಗೆಲ್ಲ ಒಟ್ಟಿಗೆ ಸಿಗೋದು ಕಷ್ಟ.

ಮೂರು ಪಾಯಿಂಟ್‌ಗೆ ಒಂದು ಮೈಲು. 60,000ಕ್ಕೆ 20,000, ಮೇಲೆ 5,000 ಬೋನಸ್. 57,000 ಹಾಕಿದರೆ ಬೋನಸ್ ಇಲ್ಲ, ಬರೀ 19,000. ಹಾಕೋದಾದರೆ ಪೂರ್ತಿ ಹಾಕಿ. ನನ್ನ ಕೇಳಿದರೆ ಹೋಟೆಲ್ ಪಾಯಿಂಟ್ಸ್ ಹೋಟೆಲಿಗೇ ಸರಿ. ಸಿಂಗಾಪುರದಲ್ಲಿ ರೂಮಿನ ಬಾಡಿಗೆ ಏನು ಕಮ್ಮಿಯೇ! ಟಿಕೆಟ್ಟಿಗೆ ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಮೊದಲು ಬಳಸಿ.

ಮೈಲ್ಸ್ ಟಿಕೆಟ್ಟಿಗೂ ಟ್ಯಾಕ್ಸ್ ಬೇರೆ ಕಟ್ಟಬೇಕು. ಮತ್ತೆ, ಎರಡೂ ಖಾತೆಯಲ್ಲಿ ಹೆಸರು ಒಂದೇ ಥರ ಇರಲಿ. ಒಂದರಲ್ಲಿ ನಮ್ಮೂರ ಇನಿಶಿಯಲ್, ಇನ್ನೊಂದರಲ್ಲಿ ಮುಂಬೈ ಥರ ಅಪ್ಪನ ಪೂರ್ತಿ ಹೆಸರು ಇದ್ದರೆ ಟ್ರಾನ್ಸ್‌ಫರ್ ಸುಮ್ನೆ ಸಿಕ್ಕಿಹಾಕಿಕೊಳ್ಳಬಹುದು.