ಆಗುಂಬೆ ಘಾಟಿಯ ಮಳೆಯಲ್ಲಿ ಕಾರಿನ ಗಾಜು ಒಳಗಿಂದ ಮಂಜಾಗುವುದೇಕೆ, ಏನು ಮಾಡಬೇಕು?

ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆ ತಿರುಗಿಸಿ. ಸ್ವಲ್ಪ ಹೊತ್ತಿಗೇ ಗಾಜು ತಿಳಿಯಾಗುತ್ತದೆ. ಚಳಿಯಾದರೆ ಹೀಟರನ್ನೂ ಜೊತೆಗೆ ಹಾಕಿ, ಎಸಿ ಮಾತ್ರ ಆರಿಸಬೇಡಿ.

ನಮ್ಮ ಉಸಿರು, ಒದ್ದೆ ಛತ್ರಿ, ಕಾಲಡಿಯ ನೆನೆದ ಮ್ಯಾಟು, ಇವುಗಳಿಂದ ಕಾರಿನೊಳಗೆ ತೇವ ಜಾಸ್ತಿಯಾಗಿರುತ್ತದೆ. ಮಳೆಗೆ ತಣ್ಣಗಾದ ಗಾಜಿಗೆ ಆ ಗಾಳಿ ತಾಗಿದ ಕೂಡಲೇ ತೇವವೆಲ್ಲ ಸಣ್ಣ ಹನಿಗಳಾಗಿ ಕೂರುತ್ತದೆ. ತಣ್ಣೀರು ತುಂಬಿದ ಚೊಂಬಿನ ಹೊರಗೆ ಬೆವರಿನಂತೆ ನೀರು ಮೂಡುತ್ತದಲ್ವಾ, ಹಾಗೆಯೇ. ಎಸಿ ಆ ತೇವವನ್ನು ಹೀರಿ ತೆಗೆಯುತ್ತದೆ. ನಿಂತ ಕಾರಿನ ಅಡಿಯಲ್ಲಿ ತೊಟ್ಟಿಕ್ಕುವುದು ಅದೇ ನೀರು. ಹೊರಗಿನ ಗಾಳಿ ಒಳಬರುವ ಹಾಗೆ ಬಟನ್ ಇಡಿ, ಇಲ್ಲದಿದ್ದರೆ ಉಸಿರಿನ ತೇವ ಒಳಗೇ ಸುತ್ತುತ್ತಿರುತ್ತದೆ.

ತಿರುವಿನಲ್ಲಿ ಕೈಯಿಂದ ಒರೆಸಲು ಮಾತ್ರ ಹೋಗಬೇಡಿ, ದಯವಿಟ್ಟು. ಎದುರಿಗೆ ಬಸ್ಸು ಬಂದಿರುತ್ತದೆ.